ಒಂಬತ್ತು ಸಾವಿರದ ಮೇಲೆ ಒಂದು ಡಾಲರಿಲ್ಲ

ಮಾರ್ಚ್ ಮೊದಲ ವಾರ, ಹಸುಗಳು ಈಯಲು ಶುರುಮಾಡಿದ ಹೊತ್ತಿಗೆ ಸರಿಯಾಗಿ ಲಿಯೋಟಾ ಕೂಬೆಶಳ ಪಿಕಪ್ ಗಾಡಿ ನಡು ಮುರಿದುಕೊಂಡು ಹುಲ್ಲುಗಾವಲಿನಲ್ಲಿ ಕೂತುಬಿಟ್ಟಿತು. ಮಾತಿಗೆ ಹೇಳುವುದಲ್ಲ, ತುಕ್ಕು ತಿಂದ ಚಾಸಿ ನಿಜವಾಗಿಯೂ ಎರಡು ತುಂಡಾಗಿತ್ತು.

ಅಮೆರಿಕದ ನೆಬ್ರಾಸ್ಕಾದ ಮರಳುದಿಬ್ಬಗಳ ಆ ಸೀಮೆಯಲ್ಲಿ ಅವಳಿಗೆ ತೊಂಬತ್ತು ಹಸುಗಳಿದ್ದವು. ಗಂಡ ತೀರಿಕೊಂಡು ಆರು ವರ್ಷ. ಅಲ್ಲಿಂದೀಚೆಗೆ ಬೆಳಿಗ್ಗೆ ಗಾಡಿಯನ್ನು ಅತಿ ಕಡಿಮೆ ಗೇರಿಗೆ ಹಾಕಿ, ಚಾಲಕರಿಲ್ಲದೆ ಹಿಮದ ಮೇಲೆ ಅದರ ಪಾಡಿಗೆ ತೆವಳಲು ಬಿಟ್ಟು, ತಾನು ಹಿಂದಕ್ಕೆ ಹತ್ತಿ ಕವೆಗೋಲಿನಿಂದ ಹುಲ್ಲು ಎಸೆಯುತ್ತಿದ್ದಳು. ಬೇಲಿ ಹತ್ತಿರವಾದಾಗ ಧುಮುಕಿ ಓಡಿಹೋಗಿ ಸ್ಟಿಯರಿಂಗ್ ತಿರುಗಿಸುವುದು. ಒಂಟಿ ಜೀವಕ್ಕೆ ದೇವರು ಕೊಟ್ಟ ಎರಡನೆಯ ಆಳು ಆ ಗಾಡಿ.

ಹೆದ್ದಾರಿಯ ಪಕ್ಕದಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಮಾರುವ ಡೀಕ್ ಹ್ಯಾನ್ಲನ್‌ನ ಬಳಿಗೆ ಹೋದಳು. ಹದಿನಾಲ್ಕು ವರ್ಷ ಹಳೆಯ ಗಾಡಿ, ಎರಡು ಲಕ್ಷ ಮೈಲಿ ಓಡಿದೆ, ಸೀಟಿನ ಸ್ಪಂಜು ಹೊರಗೆ ಬಂದಿದೆ. ಗಾಜಿನ ಮೇಲೆ ಮೂವತ್ತೊಂದು ಸಾವಿರ ಡಾಲರ್ ಎಂದು ಬರೆದಿತ್ತು.

"ಇದು ಒಂಬತ್ತು ಸಾವಿರ ಬಾಳುತ್ತೆ," ಎಂದಳು ಲಿಯೋಟಾ.

"ಮೇಡಂ, ಆ ಕಾಲ ಹೋಯ್ತು. ಈಗ ದೇಶದಲ್ಲೆಲ್ಲ ಇದೇ ರೇಟು. ಮಾರ್ಕೆಟ್ಟು ಹೇಳಿದ ಬೆಲೆ ಇದು, ನಾನು ಹೇಳಿದ್ದಲ್ಲ."

"ಮಾರ್ಕೆಟ್ಟು ಅನ್ನೋರು ಒಳಗಿದ್ರೆ ಕರೀರಿ. ನಾನೇ ಮಾತಾಡ್ತೀನಿ."

ಡೀಕ್ ನಕ್ಕ. "ಹೋಗಿ ಸುತ್ತಾಡಿ ಬನ್ನಿ. ಒಂದು ವಾರ, ಅಷ್ಟೆ. ಎಲ್ಲರೂ ವಾಪಸ್ ಬರ್ತಾರೆ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಎಲ್ಲರೂ ವಾಪಸ್ ಹೋಗುತ್ತಿದ್ದರು. ಬಗ್ಗಿಕೊಂಡೇ ಹೋಗುತ್ತಿದ್ದರು. ಆ ಭಾನುವಾರ ಇಗರ್ಜಿಯ ಪೂಜೆಯಲ್ಲಿ ಮೊಣಕಾಲೂರಿದಾಗ ಲಿಯೋಟಾ ಗಾಡಿ ಕೊಡು ಎಂದು ಬೇಡಲಿಲ್ಲ. ಸ್ವಾಮಿ, ನಿನ್ನ ಮುಂದೆ ಬಗ್ಗಿದ ಈ ಬೆನ್ನು ಅವನ ಮುಂದೆ ಬಗ್ಗದಿರಲಿ ಎಂದಷ್ಟೇ ಕೇಳಿಕೊಂಡಳು.

ಪಕ್ಕದ ದನದ ಫಾರ್ಮಿನ ಮೈಲೋ ತನ್ನ ಹಸುಗಳಿಗೆ ಹುಲ್ಲು ಹಾಕಿ ಮುಗಿಸಿ ಅವಳ ಹಸುಗಳಿಗಾಗಿ ತನ್ನ ಗಾಡಿ ತರುತ್ತಿದ್ದ. ಅಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಹಸಿದ ಬಾಣಂತಿ ಹಸುಗಳು ಬೇಲಿಗೆ ಎದೆ ಕೊಟ್ಟು ನಿಂತಿರುತ್ತಿದ್ದವು. ಹೀಗೆ ಎಷ್ಟು ದಿನ ನಡೆದೀತು?

ಮುಂದಿನ ಶನಿವಾರ ಎಮಿಲ್ ಹ್ರುಸ್ಕಾನ ಮನೆಯಲ್ಲಿ ಹರಾಜು. ಮದುವೆಯಾಗದ ಮುದುಕ, ಚಳಿಗಾಲದಲ್ಲಿ ಹೋಗಿಬಿಟ್ಟಿದ್ದ. ಅವನ ಪಿಕಪ್ ಹಳೆಯದಾದರೂ ಗಟ್ಟಿಮುಟ್ಟು. ಇಗರ್ಜಿಯ ಹೆಂಗಸರು ಕೊಟ್ಟಿಗೆಯ ಬಾಗಿಲಲ್ಲಿ ಕಾಫಿಯನ್ನೂ ಗಸಗಸೆ ತುಂಬಿದ ಕೊಲಾಚೆ ಬನ್ನುಗಳನ್ನೂ ಮಾರುತ್ತಿದ್ದರು. ಡೀಕ್ ಕೂಡ ಬಂದಿದ್ದ. ಒಂದು ಕೈಯಲ್ಲಿ ಬನ್ನು, ಇನ್ನೊಂದರಲ್ಲಿ ಪೆನ್ನು.

"ಎರಡು ಸಾವಿರ," ಎಂದು ಲಿಯೋಟಾ ಕೈ ಎತ್ತಿದಳು.

ಅಂಗಳದಲ್ಲಿದ್ದ ಅರವತ್ತು ಎಪ್ಪತ್ತು ಮಂದಿ ಗಂಡಸರ ಕೈಗಳು ಒಂದೊಂದಾಗಿ ಕೋಟಿನ ಜೇಬಿಗೆ ಇಳಿದವು. ನಿಜವಾಗಿ ಗರಜಿದ್ದವರು ಕೂಗಿದ ಮೇಲೆ ಆ ಸೀಮೆಯಲ್ಲಿ ಉಳಿದವರು ಕೂಗುವುದಿಲ್ಲ. ಅಜ್ಜಂದಿರ ಕಾಲದಿಂದ ಬಂದದ್ದು ಅದು, ಯಾರೂ ಬಾಯಿಬಿಟ್ಟು ಹೇಳಿಕೊಟ್ಟದ್ದಲ್ಲ. ಹರಾಜು ಕೂಗುವವನೂ ಅದನ್ನು ಬಲ್ಲವನೇ. ಒಂದನೇ ಸಲ, ಎರಡನೇ ಸಲ ಎಂದು ಅವಸರ ಅವಸರವಾಗಿ ಮುಗಿಸುತ್ತಿದ್ದ.

ಡೀಕ್‌ಗೆ ಕಂಡದ್ದು ಜೇಬಿಗಿಳಿದ ಕೈಗಳಲ್ಲ, ಪೈಪೋಟಿಯಿಲ್ಲದ ಅಗ್ಗದ ಮಾಲು. ಪೆನ್ನು ಎತ್ತಿದ.

ಮೂರಾಯಿತು, ಐದಾಯಿತು, ಎಂಟಾಯಿತು. ಲಿಯೋಟಾ ಒಂಬತ್ತು ಎಂದಳು. ಡೀಕ್ ಒಂಬತ್ತೂವರೆ ಎಂದ.

ಮೈಲೋ ಅವಳ ಕಿವಿಯ ಹತ್ತಿರ ಬಗ್ಗಿದ. "ಕೂಗೇ. ನಾವೆಲ್ಲ ಸೇರಿ ಐದು ಸಾವಿರ ಹೊಂದಿಸಿದೀವಿ. ಹದಿನಾಲ್ಕರವರೆಗೂ ಹೋಗು."

"ಬೇಡ ಮೈಲೋ. ನಾನು ಇವತ್ತು ಹದಿನಾಲ್ಕು ಕೊಟ್ರೆ, ನಾಳೆ ಅವನು ನನ್ನ ಹೆಸರು ಹೇಳೇ ನಿಮ್ಮ ಹತ್ರ ಇಪ್ಪತ್ತೆಂಟು ಕೀಳ್ತಾನೆ."

"ಮತ್ತೆ ಹಸುಗಳಿಗೆ ಏನು ಹಾಕ್ತೀಯ, ನಿನ್ನ ಹಠಾನಾ?"

ಲಿಯೋಟಾ ಹರಾಜಿನವನತ್ತ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಎಮಿಲ್ ಇದ್ದಿದ್ರೆ ಇದಕ್ಕೆ ಒಂಬತ್ತು ಸಾವಿರಾನೇ ಕೇಳ್ತಿದ್ದ. ನಾನು ಒಂಬತ್ತು ಅಂದಿದೀನಿ. ಅದರ ಮೇಲೆ ಒಂದು ಡಾಲರಿಲ್ಲ."

ಗಾಡಿ ಡೀಕ್‌ನ ಪಾಲಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕೊನೆಗೆ ಉಳಿದದ್ದು ಎಮಿಲ್‌ನ ಎರಡು ಭಾರಿ ಕುದುರೆಗಳು, ಅವಕ್ಕೆ ಹೂಡುವ ಪಟ್ಟಿಗಳು, ಹಿಮದ ಮೇಲೆ ಹುಲ್ಲು ಹೇರುವ ಜಾರುಬಂಡಿ. ಕುದುರೆಗಳಿಗೆ ಹದಿನಾರು ವರ್ಷ ದಾಟಿತ್ತು. ಮುಖದ ಮೇಲೆ ನರೆಗೂದಲು. ತನ್ನ ಅಪ್ಪ ಇಂಥದೇ ಜೋಡಿ ಹೂಡಿ ಹಸುಗಳಿಗೆ ಹುಲ್ಲು ಹಾಕುತ್ತಿದ್ದುದು, ಹತ್ತು ವರ್ಷದ ತಾನು ಲಗಾಮು ಹಿಡಿಯುತ್ತಿದ್ದುದು ಲಿಯೋಟಾಳ ಕಣ್ಣ ಮುಂದೆ ಬಂತು. ಯೋಚಿಸುವ ಮೊದಲೇ ಕೈ ಮೇಲೆದ್ದಿತ್ತು.

"ಎಂಟುನೂರು."

ಮತ್ತೆ ಕೈಗಳು ಜೇಬಿಗಿಳಿದವು. ಈ ಸಲ ಪೆನ್ನು ಏಳಲಿಲ್ಲ.

"ಇದಕ್ಕೆ ಡೀಸೆಲ್ ಯಾವ ಕಡೆಯಿಂದ ಹಾಕ್ತೀರಿ ಮೇಡಂ?" ಎಂದ ಡೀಕ್.

"ಮುಂದಿನಿಂದ. ಹಿಂದಿನಿಂದ ಬರೋದು ನಿಮಗೆ ಬೇಕಾದ್ರೆ ಕಳಿಸಿಕೊಡ್ತೀನಿ."

ಆಗ ನಕ್ಕಿತು ಅಂಗಳ.

ಸೋಮವಾರ ಬೆಳಿಗ್ಗೆ ಪಟ್ಟಿ ಬಿಗಿಯಲು ಅವಳಿಗೆ ಒಂದು ಗಂಟೆ ಹಿಡಿಯಿತು. ಎಡಗಡೆಯ ಕುದುರೆ ಎರಡು ಬಾರಿ ಅವಳ ಕಾಲು ತುಳಿಯಿತು. ಆದರೆ ಬಂಡಿ ಹಿಮದ ಮೇಲೆ ಜಾರತೊಡಗಿದ ಮೇಲೆ ಒಂದು ಸಂಗತಿ ತಿಳಿದು ಅವಳು ಕವೆಗೋಲು ಊರಿ ನಿಂತೇಬಿಟ್ಟಳು. ಬೇಲಿ ಬಂದಾಗ ಧುಮುಕಬೇಕಾಗಿಲ್ಲ. ಕುದುರೆಗಳು ತಾವೇ ತಿರುಗುತ್ತವೆ. ನಿಲ್ಲು ಎಂದರೆ ನಿಲ್ಲುತ್ತವೆ. ಹಿಮದಲ್ಲಿ ಮಲಗಿದ ಎಳೆಗರುವನ್ನು ಸುತ್ತಿಹಾಕಿಕೊಂಡು ಹೋಗುತ್ತವೆ. ತಲೆಯ ಮೇಲಿನ ಉಣ್ಣೆ ಟೋಪಿ ತೆಗೆದು, ಚಳಿಯಲ್ಲಿ ದೇವರ ಮುಂದೆ ತಲೆ ಬಗ್ಗಿಸಿದಳು.

ಇತ್ತ ಡೀಕ್ ಎಮಿಲ್‌ನ ಗಾಡಿಗೆ ಪಾಲಿಶ್ ಹೊಡೆಸಿ ಇಪ್ಪತ್ನಾಲ್ಕು ಸಾವಿರದ ಚೀಟಿ ಅಂಟಿಸಿದ. ಯಾರೂ ಬರಲಿಲ್ಲ. ಚೀಟಿ ಹತ್ತೊಂಬತ್ತಕ್ಕಿಳಿಯಿತು, ಹದಿನಾಲ್ಕಕ್ಕಿಳಿಯಿತು. ಕೊಳ್ಳಬೇಕಾದ ಅಷ್ಟೂ ಜನರ ಕಣ್ಣೆದುರೇ ಒಂಬತ್ತೂವರೆಗೆ ಕೊಂಡಿದ್ದ ಮನುಷ್ಯ ಅವನು. ಬೇರೆ ಗಾಡಿಗಳ ಬೆಲೆ ಕೇಳಲು ಬಂದವರೂ ಈಗ ಒಂದೇ ಮಾತು ಆಡುತ್ತಿದ್ದರು: "ಇದನ್ನ ಎಷ್ಟಕ್ಕೆ ತಂದ್ರಿ, ಮೊದಲು ಅದು ಹೇಳಿ."

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅದೇ ಗಾಡಿ ಓಡಿಸಿಕೊಂಡು ಅವನು ಲಿಯೋಟಾಳ ಹುಲ್ಲುಗಾವಲಿಗೆ ಬಂದ. ಕಿಟಕಿ ಇಳಿಸಿದ.

"ನಾನು ಕೊಟ್ಟಿದ್ದನ್ನೇ ಕೊಡಿ ಮೇಡಂ. ಒಂಬತ್ತೂವರೆ. ಲಾಭ ಬೇಡ ನನಗೆ."

"ಬಾಳೋದು ಒಂಬತ್ತು."

"ಆಯ್ತು, ಒಂಬತ್ತೇ ಕೊಡಿ. ಐನೂರು ನನ್ನ ತಲೆ ಮೇಲಿರಲಿ."

ಲಿಯೋಟಾ ಒಂದು ಕವೆ ಹುಲ್ಲು ಎಸೆದಳು. "ನನಗೆ ಗಾಡಿ ಬೇಕಾಗಿದ್ದು ಹರಾಜಿನ ದಿನ. ಈಗ ಬೇಡ. ಮೈಲೋನ ತಂಗಿ ಮಗಳು ಹೊಸದಾಗಿ ಹಸು ಕಟ್ಟಿದಾಳೆ, ಅವಳಿಗೆ ಬೇಕು. ಒಂಬತ್ತು ಅಂತ ಹೇಳಿ, ತಗೋತಾಳೆ. ಉಳಿದ ಗಾಡಿಗಳಿಗೂ ಹಾಗೇ ಬಾಳೋ ಬೆಲೆ ಬರೀರಿ. ಜನ ಬರ್ತಾರೆ."

"ನೀವು ಹೇಳಿದ ಬೆಲೆಗೆಲ್ಲ ವ್ಯಾಪಾರ ನಡೆಯಲ್ಲ."

"ನೀವು ಹೇಳಿದ್ದಕ್ಕೆ ನಡೀತಿದ್ಯಾ?"

ಲಿಯೋಟಾ ಕುದುರೆಗಳಿಗೆ ಮೆಲ್ಲಗೆ ಒಂದು ಮಾತು ಹೇಳಿದಳು. ಬಂಡಿ ಹೊರಟಿತು. ಅದರ ಹಿಂದೆ ತೊಂಬತ್ತು ಹಸುಗಳೂ, ಹುಟ್ಟಿದ ಅಷ್ಟೂ ಕರುಗಳೂ ಸಾಲುಗಟ್ಟಿ ಹೊರಟವು. ಅವು ದಾಟಿ ಮುಗಿಯುವ ತನಕ ಡೀಕ್ ಗಾಡಿ ನಿಲ್ಲಿಸಿಕೊಂಡು ಕಾಯಬೇಕಾಯಿತು.