ತಾಂಬೂಲಕ್ಕೆ ಕೊಟ್ಟ ಟೊಮೇಟೊ

ಉಗ್ರಾಣದಲ್ಲಿ ಢಪ್ಪೆಂದು ಏನೋ ಸಿಡಿದಾಗ ಕೌಸಲ್ಯಾ ಒಗ್ಗರಣೆಗೆ ಸಾಸಿವೆ ಹಾಕಿದ್ದಳಷ್ಟೆ. ಕಿಟಕಿಯಿಂದ ಬೆಕ್ಕು ನುಗ್ಗಿ ಡಬ್ಬ ಉರುಳಿಸಿತೆಂದುಕೊಂಡು, ಅದರ ವಂಶವನ್ನೆಲ್ಲ ಬೈಯುತ್ತ ಸೌಟು ಹಿಡಿದೇ ಓಡಿದಳು. ಬೆಕ್ಕೂ ಇರಲಿಲ್ಲ, ಉರುಳಿದ ಡಬ್ಬವೂ ಇರಲಿಲ್ಲ. ಗೋಡೆಗೆ, ಅಕ್ಕಿ ಡ್ರಮ್ಮಿಗೆ, ಹಳೇ ಮಿಕ್ಸಿಯ ರಟ್ಟಿನ ಪೆಟ್ಟಿಗೆಗೆಲ್ಲ ಕೆಂಪಗೆ ಎರಚಿತ್ತು. ಟೊಮೇಟೊ. ತಾನೇ ಬೆಳೆದು, ತಾನೇ ಬೇಯಿಸಿ, ತಾನೇ ಬಾಟಲಿಗೆ ತುಂಬಿದ ಟೊಮೇಟೊ. ಮುಚ್ಚಳ ಹಾರಿ ಮೂಲೆಗೆ ಬಿದ್ದಿತ್ತು. ಹಳಸಿದ ವಾಸನೆ ಮೂಗಿಗೆ ಹೊಡೆಯಿತು.

ಮೊದಲು ಬಂದದ್ದು ಸಿಟ್ಟು, ಇದನ್ನೆಲ್ಲ ಈಗ ಒರೆಸಬೇಕಲ್ಲ ಅಂತ. ಬಟ್ಟೆ ತರಲು ತಿರುಗಿದವಳು ಅಲ್ಲೇ ನಿಂತಳು. ಮನೆಬಳಕೆಗೆಂದು ಮಾಡಿಟ್ಟ ಬಾಟಲಿಗಳು ಕಪಾಟಿನಲ್ಲಿ ಏನೂ ಆಗದೆ ಸಾಲಾಗಿ ಕೂತಿದ್ದವು. ಸಿಡಿದದ್ದು ಆ ಸಾಲಿನದಲ್ಲ. ವರಮಹಾಲಕ್ಷ್ಮಿ ಹಬ್ಬದ ಸಂಜೆ ಬಂದ ಹೆಂಗಸರಿಗೆಲ್ಲ ಅರಿಶಿನ ಕುಂಕುಮದ ಜೊತೆ ತಾಂಬೂಲಕ್ಕೆ ಕೊಟ್ಟು ಮಿಕ್ಕಿದ್ದ ಒಂದೇ ಒಂದು ಬಾಟಲಿ ಅದು. ಜೊತೆಯವೆಲ್ಲ ಯಲಹಂಕ ಉಪನಗರದ ಮನೆಮನೆಗಳಲ್ಲಿದ್ದವು. ಒಲೆಯ ಮೇಲೆ ಸಾಸಿವೆ ಸೀದು ಹೋಯಿತು.

ಆ ಟೊಮೇಟೊ ಬಗ್ಗೆ ಅವಳಿಗಿದ್ದ ಜಂಬ ಅಷ್ಟಿಷ್ಟಲ್ಲ. ಹೆಬ್ಬಾಳದ ಕೃಷಿ ಮೇಳದಲ್ಲಿ ಹುಡುಕಿ ತಂದ ಹೈಬ್ರಿಡ್ ಬೀಜ. ತಾರಸಿಯ ಮೇಲೆ ಮಣ್ಣಿನ ಚೀಲಗಳಲ್ಲಿ ಬೆಳೆಸಿದ್ದು. ಮೊಟ್ಟೆಯಂಥ ಉದ್ದನೆಯ ಹಣ್ಣು, ದಪ್ಪ ತಿರುಳು, ಬೀಜ ಹೆಸರಿಗಷ್ಟೆ, ಹೆಚ್ಚಿದರೆ ಈಳಿಗೆ ಮಣೆಯೂ ಒದ್ದೆಯಾಗದು. ಬಾಟಲಿ ತುಂಬುವುದಕ್ಕೆ ಹೇಳಿ ಮಾಡಿಸಿದ ತಳಿ. ಇವು ದಿನಕ್ಕೊಂದರಂತೆ ಹಣ್ಣಾಗಿ ಸತಾಯಿಸುವುದಿಲ್ಲ, ಎಲ್ಲ ಗಿಡವೂ ಮಾತಾಡಿಕೊಂಡ ಹಾಗೆ ಒಟ್ಟಿಗೇ ಕೆಂಪಾಗುತ್ತವೆ. ಅದೂ ಯಾವಾಗ? ಟೊಮೇಟೊ ಬೆಲೆ ಸೇಬನ್ನು ಮೀರಿಸಿ, ಬೀದಿಗೆ ಬೀದಿಯೇ ಹುಣಸೆಹಣ್ಣಿಗೆ ಇಳಿದಿದ್ದ ಆ ಮಳೆಗಾಲದಲ್ಲಿ. ಬ್ಲೌಸ್ ಪೀಸಿನ ಬದಲು ಟೊಮೇಟೊ ಬಾಟಲಿ ಕೊಟ್ಟರೆ ಹೇಗಿರುತ್ತದೆ ಎಂದು ಅವಳಿಗೆ ಹೊಳೆದದ್ದೇ ತಡ, ಕೆಲಸಕ್ಕೆ ನಿಂತಳು. ಹಬ್ಬದ ದಿನ ಹೆಂಗಸರು ತಾಂಬೂಲದ ಕೊಬ್ಬರಿ ಬಟ್ಟಲನ್ನು ಮರೆತು ಬಾಟಲಿಯನ್ನೇ ಎತ್ತಿ ಎತ್ತಿ ನೋಡಿದ್ದರು.

ಕಲಿತಿದ್ದು ಫೋನಿನಲ್ಲಿ ವಿಡಿಯೋ ನೋಡಿ. ಬಾಟಲಿಗೆ ಇಷ್ಟು ನಿಂಬೆರಸ ಹಾಕಲೇಬೇಕು ಎಂದು ಅದರಲ್ಲಿ ಹೇಳಿದ್ದರು. ಮನೆಯ ಬಾಟಲಿಗಳಿಗೆ ಹಾಗೇ ಹಾಕಿದ್ದಳು. ಆದರೆ ತಾಂಬೂಲದ ಮಾತು ಬೇರೆ. ಉಪ್ಪು, ಹುಳಿ ಕೈಯಿಂದ ಕೈಗೆ ಕೊಟ್ಟರೆ ಸ್ನೇಹ ಕೆಡುತ್ತದೆ, ಅದೂ ಮುತ್ತೈದೆಯರಿಗೆ, ಅದೂ ಲಕ್ಷ್ಮಿಯ ಎದುರಿಗೆ. ಅವಳ ಅತ್ತೆ ಬದುಕಿದ್ದಾಗ ಪಕ್ಕದ ಮನೆಯವರು ಉಪ್ಪು ಕೇಳಿದರೂ ಬಟ್ಟಲನ್ನು ನೆಲದ ಮೇಲಿಟ್ಟು ತೆಗೆದುಕೊಳ್ಳಿ ಎನ್ನುತ್ತಿದ್ದರು. ಹಾಗಾಗಿ ತಾಂಬೂಲದ ಬಾಟಲಿಗಳಿಗೆ ಉಪ್ಪೂ ಬೀಳಲಿಲ್ಲ, ನಿಂಬೆರಸವೂ ಬೀಳಲಿಲ್ಲ. ಟೊಮೇಟೊ ತಾನೇ ಹುಳಿಯಲ್ಲವೇನೇ ಎಂದು ಗಂಡ ಸೇತುರಾಮ ಕೆಣಕಿದ್ದ. ಇದು ನೀವು ತಿಂದಿರೋ ಟೊಮೇಟೊ ಅಲ್ಲ, ಇದರಲ್ಲಿ ಹುಳಿಯೇ ಇಲ್ಲ ಎಂದು ಅವನ ಬಾಯಿ ಮುಚ್ಚಿಸಿದ್ದಳು. ಪಾಪ, ಅವಳು ಹೇಳಿದ್ದು ನಿಜವೇ ಆಗಿತ್ತು.

ತಂಗಿಯ ಮಗಳು ಪ್ರಿಯಂವದಾ ಕಾಲೇಜೊಂದರಲ್ಲಿ ಆಹಾರ ವಿಜ್ಞಾನ ಕಲಿಸುತ್ತಾಳೆ. ಕೌಸಲ್ಯಾ ಅವಳಿಗೆ ಫೋನ್ ಮಾಡಿ ನಗುನಗುತ್ತಲೇ ವಿಷಯ ಹೇಳಿದಳು, ಏನೂ ಇಲ್ಲ ಬಿಡಿ ದೊಡ್ಡಮ್ಮ ಎನ್ನಲಿ ಎಂಬ ಆಸೆಯಿಂದ. ಪ್ರಿಯಂವದಾ ನಗಲಿಲ್ಲ. ನಿಂಬೆರಸ ಎಷ್ಟು ಹಾಕಿದ್ದಿರಿ ಎಂದು ಕೇಳಿದಳು. ಹಾಕಲಿಲ್ಲವೆಂದು ತಿಳಿದ ಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ನಿಂಬೆರಸ ರುಚಿಗಲ್ಲ, ಕಾವಲಿಗೆ. ಹುಳಿ ಕಡಿಮೆಯಿರುವ ಹಣ್ಣನ್ನು ಗಾಳಿಯಾಡದ ಬಾಟಲಿಯಲ್ಲಿಟ್ಟರೆ ನೀರಲ್ಲಿ ಕುದಿಸಿದರೂ ಸಾಯದ ಒಂದು ಸೂಕ್ಷ್ಮಜೀವಿ ಒಳಗೇ ಬೆಳೆದು ವಿಷ ಮಾಡುತ್ತದೆ. ಸಿಡಿದರೆ ಪುಣ್ಯ, ಗೊತ್ತಾಯಿತು. ಎಷ್ಟೋ ಸಲ ವಾಸನೆಯೂ ಬರುವುದಿಲ್ಲ. ಬಾಟಲಿ ತೆಗೆದ ಮೇಲೆ ಯಾರಾದರೂ ಸಾರಿಗೆ ಹಾಕಿ ಚೆನ್ನಾಗಿ ಕುದಿಸಿದ್ದರೆ ಬಚಾವು. ಹಾಗೇ ತಿಂದಿದ್ದರೆ ಕಷ್ಟ.

"ಮೊದ್ಲು ಕಣ್ಣು, ರೆಪ್ಪೆ ಜೋತುಬೀಳುತ್ತೆ, ಒಂದು ಎರಡಾಗಿ ಕಾಣುತ್ತೆ. ಆಮೇಲೆ ಗಂಟ್ಲು, ಆಮೇಲೆ ಉಸಿರು," ಎಂದಳು ಪ್ರಿಯಂವದಾ. "ಎಲ್ಲಾ ಬಾಟ್ಲೂ ಈಗ್ಲೇ ವಾಪಸ್ ತೊಗೊಂಡ್ಬನ್ನಿ ದೊಡ್ಡಮ್ಮ."

ಕೌಸಲ್ಯಾ ಫೋನಿಟ್ಟಳು. ಹೆದರಿಕೆ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. ಲಕ್ಷ್ಮಿಯ ಮುಂದೆ ಕೊಟ್ಟ ತಾಂಬೂಲವನ್ನು ಯಾರಾದರೂ ವಾಪಸ್ ಕೇಳುತ್ತಾರೆಯೇ? ಕೇಳಿದವಳ ಮುಖ ಆಮೇಲೆ ಯಾರು ನೋಡುತ್ತಾರೆ? ಸೇತುರಾಮ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಂಡಿದ್ದವನು, ಅವನಿಗೆ ಇಂಥದ್ದಕ್ಕೆಲ್ಲ ದಾರಿ ಗೊತ್ತು. ವಾಪಸ್ ಕೇಳಬೇಡ, ಬದಲಾಯಿಸಿ ಕೊಡು ಎಂದ. ಮನೆಯ ಒಳ್ಳೆಯ ಬಾಟಲಿಗಳನ್ನು ಎರಡು ಚೀಲಗಳಿಗೆ ತುಂಬಿಕೊಂಡು ಗಂಡ ಹೆಂಡತಿ ಹೊರಟರು. ಅದಕ್ಕಿಂತ ಇದು ಚೆನ್ನಾಗಿದೆ, ಅದನ್ನು ಕೊಡಿ ಎಂದು ಮನೆಮನೆಯ ಬಾಗಿಲಲ್ಲಿ ನಿಂತು ಹಲ್ಲು ಕಿರಿದರು.

ಪುಣ್ಯಕ್ಕೆ ಹೆಚ್ಚಿನವರು ಮುಚ್ಚಳವನ್ನೇ ತೆಗೆದಿರಲಿಲ್ಲ. ರತ್ನಕ್ಕ ಶೋಕೇಸಿನಲ್ಲಿ ದಸರಾ ಗೊಂಬೆಗಳ ಪಕ್ಕದಲ್ಲಿ ಇಟ್ಟಿದ್ದಳು. ಈ ಬೆಲೆಯಲ್ಲಿ ಇದನ್ನು ತಿನ್ನೋಕೆ ಮನಸ್ಸು ಬರುತ್ತಾ ಎಂದಳು. ಹಿಂದಿನ ಬೀದಿಯವಳು ಸಾರು ಮಾಡಿ ಮುಗಿಸಿದ್ದಳು, ಕುದಿಸಿಯೇ ಮಾಡಿದ್ದಳು, ಮನೆಯವರೆಲ್ಲ ಗುಂಡುಕಲ್ಲಿನ ಹಾಗಿದ್ದರು. ಕೆಲವರು ಬ್ಲೌಸ್ ಪೀಸ್ ದಾಟಿಸುವ ಹಾಗೆ ಇನ್ನೊಬ್ಬರಿಗೆ ದಾಟಿಸಿದ್ದರು. ಅವರ ಮುಖ ಪೆಚ್ಚಾದದ್ದನ್ನು ನೋಡಿ ನಗುವುದಕ್ಕೂ ಕೌಸಲ್ಯಾಳಿಗೆ ಪುರುಸೊತ್ತಿರಲಿಲ್ಲ, ಆ ಇನ್ನೊಬ್ಬರ ಮನೆಗೆ ಓಡಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಬಿಟ್ಟು ಉಳಿದಿದ್ದವೆಲ್ಲ ಚೀಲಕ್ಕೆ ಬಂದವು.

ಆ ಒಂದು ಕಲಾವತಿಗೆ ಕೊಟ್ಟದ್ದು. ಎದುರು ಮನೆಯವಳು, ಬ್ಯಾಂಕಿನಲ್ಲಿ ಕೆಲಸ. ಇಪ್ಪತ್ತು ವರ್ಷದಿಂದ ಇಬ್ಬರ ಮನೆಯ ಬೀಗದ ಕೈ ಇಬ್ಬರ ಮನೆಯಲ್ಲೂ ಇರುತ್ತಿತ್ತು. ಬೀಗ ತೆಗೆದು ಒಳಗೆ ಹೋಗಿ ಹುಡುಕಿದರೂ ಬಾಟಲಿ ಸಿಗದಿದ್ದಾಗ ಕೌಸಲ್ಯಾ ಬ್ಯಾಂಕಿಗೆ ಫೋನ್ ಮಾಡಿದಳು.

"ಅಯ್ಯೋ, ಅದನ್ನ ನಿನ್ನೆ ಬೆಳಿಗ್ಗೇನೇ ಕೆಂಪಾಪುರಕ್ಕೆ ಕೊಟ್ಟು ಬಂದೆ ಕಣ್ರೀ, ಅಮ್ಮನ ಮನೇಗೆ," ಎಂದಳು ಕಲಾವತಿ. "ನಮ್ಮ್ ಸೌಜನ್ಯಂಗೆ ಬರೀ ಮೆಣಸು ಬೆಳ್ಳುಳ್ಳಿ ತಿಂದು ನಾಲಿಗೆ ಸತ್ತೋಗಿದೆ. ನೀವೇ ಹೇಳಿದ್ರಲ್ಲ, ಹುಳಿ ಇಲ್ಲ, ಬಾಣಂತೀಗೂ ಕೊಡ್ಬೋದು ಅಂತ."

ಹೇಳಿದ್ದಳು. ಕುಂಕುಮ ಇಡುತ್ತ, ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದಳು. ಕಲಾವತಿಯ ಮಗಳು ಸೌಜನ್ಯ ಹೆತ್ತು ಇನ್ನೂ ತಿಂಗಳಾಗಿರಲಿಲ್ಲ. ಕಲಾವತಿಗೆ ರಜೆ ಸಿಗದೆ ಬಾಣಂತನ ಅಜ್ಜಿಯ ಮನೆಯಲ್ಲಿ ನಡೆಯುತ್ತಿತ್ತು. ಬದಲಾಯಿಸಿ ಕೊಡ್ತೀನಿ ಎಂಬ ಮಾತು ಕೌಸಲ್ಯಾಳ ನಾಲಿಗೆಯ ತುದಿಗೆ ಬಂದಿತ್ತು. ಬೆಳಗಿನಿಂದ ಅದನ್ನೇ ಹೇಳಿ ಹೇಳಿ ರೂಢಿಯಾಗಿಬಿಟ್ಟಿತ್ತು. ಪಕ್ಕದಲ್ಲಿದ್ದ ಸೇತುರಾಮನೂ ಹಾಗೇ ಹೇಳು ಎಂಬಂತೆ ಕೈಸನ್ನೆ ಮಾಡಿದ. ಅವಳು ಅವನಿಗೆ ಬೆನ್ನು ಹಾಕಿದಳು.

"ಕಲಾವತಿ, ಅದು ಕೆಟ್ಟಿದೆ. ಅದರಲ್ಲಿ ವಿಷ ಇರಬೋದು. ತಿನ್ಬೇಡಿ ಅಂತ ಈಗ್ಲೇ ಫೋನ್ ಮಾಡಿ."

ಫೋನಿನಲ್ಲಿ ಬ್ಯಾಂಕಿನ ಟೋಕನ್ ಯಂತ್ರ ಯಾರದೋ ನಂಬರು ಕೂಗುವುದು ಕೇಳಿಸಿತು. ಕಲಾವತಿ ಕರೆ ಕತ್ತರಿಸಿದಳು. ಸ್ವಲ್ಪ ಹೊತ್ತಿಗೆ ಅವಳೇ ಮತ್ತೆ ಮಾಡಿ, ಮನೆಯಲ್ಲಿ ಯಾರೂ ಎತ್ತುತ್ತಿಲ್ಲ, ಮಗು ಮಲಗಿರುತ್ತೆ ಅಂತ ಸೈಲೆಂಟ್ ಮಾಡಿಡುತ್ತಾರೆ, ನಾನು ಹೊರಟೆ, ನೀವು ಹತ್ತಿರ ಇದ್ದೀರಿ, ಹೋಗಿ ಎಂದಳು. ಧ್ವನಿಯಲ್ಲಿ ಜೀವವೇ ಇರಲಿಲ್ಲ.

ಆಟೋ ಏರ್‌ಪೋರ್ಟ್ ರಸ್ತೆಗೆ ಇಳಿದದ್ದೇ ಸಿಕ್ಕಿಹಾಕಿಕೊಂಡಿತು. ಹೆಬ್ಬಾಳದ ಫ್ಲೈಓವರಿನ ಬಾಲ ಆ ಹೊತ್ತಿಗೇ ಕೊಡಿಗೇಹಳ್ಳಿ ಗೇಟಿನ ತನಕ ಬೆಳೆದಿತ್ತು. ತಾಯಿ ತಿಂದರೆ ಮಗುವಿಗೂ ಹೋಗುತ್ತದೆಯೇ, ಹಾಲಿನಲ್ಲಿ ಇಳಿಯುತ್ತದೆಯೇ? ಪ್ರಿಯಂವದಾಳನ್ನು ಕೇಳಲು ಕೌಸಲ್ಯಾಳಿಗೆ ಧೈರ್ಯ ಬರಲಿಲ್ಲ. ಲಕ್ಷ್ಮೀ, ನನ್ನ ಮೇಲೆ ಬೇಕಾದರೆ ತೀರಿಸಿಕೊ, ಆ ಹಸುಗೂಸಿನ ಮೇಲೆ ಬೇಡ ಎಂದು ಒಂದೇ ಸಮನೆ ಗೊಣಗುತ್ತಿದ್ದಳು. ಸೇತುರಾಮ ಇಳಿದು ಎದುರಿನ ಕ್ಯಾಬಿನವನ ಜೊತೆ ಜಗಳಕ್ಕೆ ನಿಂತ. ಅವನು ಹಾಗೆಲ್ಲ ಜಗಳವಾಡುವವನಲ್ಲ.

ಕೆಂಪಾಪುರದಲ್ಲಿ ಬಾಗಿಲು ತೆಗೆದದ್ದು ಸೌಜನ್ಯಳೇ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಹೆಗಲ ಮೇಲೆ ಮಗು. ಕೌಸಲ್ಯಾ ಅವಳ ಕಣ್ಣುಗಳನ್ನೇ ದಿಟ್ಟಿಸಿದಳು. ಕಣ್ಣು ಅಗಲವಾಗಿ ತೆರೆದಿದ್ದವು.

"ಟೊಮೇಟೊನಾ? ನಂಗೆಲ್ಲಿ ಕೊಟ್ರು ಆಂಟಿ," ಎಂದಳು ಸೌಜನ್ಯ. "ಅಜ್ಜಿ ಮುಟ್ಟೋಕೂ ಬಿಡ್ಲಿಲ್ಲ."

ಕೌಸಲ್ಯಾ ಹೊಸ್ತಿಲ ಮೇಲೇ ಕುಸಿದು ಕೂತಳು. ಹೋದ ಜೀವ ಬಂದ ಹಾಗಾಯಿತು. ಅಳುವೂ ನಗುವೂ ಒಟ್ಟಿಗೇ ಬಂದು, ಸೌಜನ್ಯಳ ಕಾಲನ್ನೇ ಹಿಡಿದುಕೊಂಡಳು. ಇವರಿಗೇನಾಯಿತು ಎಂದು ಆ ಹುಡುಗಿ ಗಾಬರಿಯಾದಳು. ಆಗ ಒಳಗಿನ ಕೋಣೆಯಿಂದ ಯಾರವ್ವಾ ಬಂದಿರೋದು ಎಂಬ ಮಾತು ಕೇಳಿಸಿತು. ಬಾಯಲ್ಲಿ ಏನೋ ತುಂಬಿಕೊಂಡು ಮಾತಾಡಿದ ಹಾಗಿತ್ತು.

ಕಲಾವತಿಯ ತಾಯಿ ಮುನಿಕೆಂಪಮ್ಮ ಗೋಡೆಗೊರಗಿ ಕೂತಿದ್ದಳು. ಕೆಂಪಾಪುರ ಇನ್ನೂ ಹಳ್ಳಿಯಾಗಿದ್ದಾಗ ಹೊಲ ಗೆಯ್ದ ಗಟ್ಟಿ ಜೀವ. ತಲೆ ಹಿಂದಕ್ಕೆ ವಾಲಿಸಿ, ಮುಚ್ಚಿಹೋಗುತ್ತಿದ್ದ ರೆಪ್ಪೆಗಳ ಸಂದಿಯಿಂದ ನೋಡುತ್ತಿದ್ದಳು. ಎದುರಿಗೆ ಕುಡಿಯದೆ ಬಿಟ್ಟ ಕಾಫಿ. ಬೆಳಗಿನಿಂದ ಗಂಟಲಲ್ಲಿ ಇಳಿಯುತ್ತಿಲ್ಲ, ಮೂಗಿಗೆ ಬರುತ್ತಿದೆ, ರಾತ್ರಿಯೆಲ್ಲ ಮಗು ಎತ್ತಿಕೊಂಡು ನಿದ್ದೆಗೆಟ್ಟಿದ್ದಕ್ಕೆ ಹೀಗಾಗಿದೆ ಎಂದಳು ಸೌಜನ್ಯ.

"ಒಸಾ ಪದಾರ್ತ," ಎಂದಳು ಮುನಿಕೆಂಪಮ್ಮ, ಒಂದೊಂದೇ ಮಾತನ್ನು ತಳ್ಳುತ್ತ. "ಅಸೀ ಬಾಣಂತಿಗೆ ಎಂಗೆ ಕೊಡಾದು? ನಾನೇ ಮೊದ್ಲು ತಿಂದ್ ನೋಡ್ದೆ. ನೆನ್ನೆ ಮುದ್ದೆಗೆ ಅಂಗೇ ನಂಚ್ಕಂಡೆ. ಸಂದಾಗಿತ್ತು."

ಅರ್ಧ ಖಾಲಿಯಾದ ಬಾಟಲಿ ಅಲ್ಲೇ ಕಿಟಕಿಯ ಕಟ್ಟೆಯ ಮೇಲಿತ್ತು. ಕೌಸಲ್ಯಾ ಇಟ್ಟಿದ್ದ ಕುಂಕುಮದ ಬೊಟ್ಟು ಇನ್ನೂ ಮುಚ್ಚಳದ ಮೇಲಿತ್ತು.

ಅವಳು ಮುದುಕಿಯ ಎದುರಿಗೆ ಮಂಡಿಯೂರಿ ಎಲ್ಲವನ್ನೂ ಹೇಳಿದಳು. ನಾನು ಕೊಟ್ಟಿದ್ದು ಕೆಟ್ಟಿತ್ತು, ಅದಕ್ಕೇ ನಿಮಗೆ ಹೀಗಾಗಿದೆ, ಈಗಲೇ ಆಸ್ಪತ್ರೆಗೆ ಹೋಗಬೇಕು ಎಂದಳು. ಮುನಿಕೆಂಪಮ್ಮ ಕೇಳಿಸಿಕೊಂಡಳು. ಬೈಯಲಿಲ್ಲ. ಮಗೀಗೆ ಏನೂ ಆಗಾಕಿಲ್ವಾ ಎಂದಷ್ಟೇ ಕೇಳಿದಳು. ಇಲ್ಲವೆಂದ ಮೇಲೆ ಏಳಲು ನೋಡಿದಳು, ಕಾಲು ಬರಲಿಲ್ಲ. ಸೇತುರಾಮ ಮತ್ತು ಆಟೋದವನು ಸೇರಿ ಎತ್ತಿಕೊಂಡರು.

ಹೆಬ್ಬಾಳದ ಆಸ್ಪತ್ರೆಯಲ್ಲಿ ಡಾಕ್ಟರು ಕೌಸಲ್ಯಾ ಜೊತೆಗೆ ತಂದಿದ್ದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಇದನ್ನು ಮಾಡಿದ್ದು ಯಾರು ಎಂದು ಕೇಳಿದರು. ನಾನು ಎಂದಳು ಕೌಸಲ್ಯಾ. ಅವರು ತಲೆಯಾಡಿಸಿ ಫೋನು ಹಿಡಿದು ಹೋದರು. ಇದರ ಔಷಧಿ ಇಲ್ಲಿ ಸಿಗುವುದಿಲ್ಲ, ಎಲ್ಲಿಂದಲೋ ತರಿಸಬೇಕು. ಅಲ್ಲಿಯವರೆಗೆ ಉಸಿರು ನಿಲ್ಲದ ಹಾಗೆ ಯಂತ್ರ ಹಾಕುತ್ತೇವೆ, ವಾರಗಟ್ಟಲೆ ಬೇಕಾಗಬಹುದು, ಬದುಕುತ್ತಾರೆ ಅಂತಲೂ ಹೇಳಲಾರೆ, ಇಲ್ಲ ಅಂತಲೂ ಹೇಳಲಾರೆ ಎಂದರು. ಅಷ್ಟರಲ್ಲಿ ಕಲಾವತಿ ಓಡಿ ಬಂದಳು. ಬ್ಯಾಂಕಿನ ಐಡಿ ಕಾರ್ಡು ಇನ್ನೂ ಕತ್ತಿನಲ್ಲೇ ಇತ್ತು. ಕೌಸಲ್ಯಾಳ ಕಡೆ ತಿರುಗಿಯೂ ನೋಡದೆ ಮಂಚದ ಆಚೆ ಬದಿಗೆ ಹೋಗಿ ನಿಂತು ತಾಯಿಯ ಕೈ ಹಿಡಿದಳು. ಹೊರಗೆ ಹೋಗಬೇಕೋ, ಅಲ್ಲೇ ಇರಬೇಕೋ ಕೌಸಲ್ಯಾಳಿಗೆ ತಿಳಿಯಲಿಲ್ಲ. ತಾಯಿ ಮಗಳ ಮಧ್ಯೆ ತಾನ್ಯಾವಳು ಎನಿಸಿತು. ಆದರೂ ಕಾಲು ಕದಲಲಿಲ್ಲ.

ನರ್ಸು ಬಾಯಿಗೆ ಹಾಕುವ ಕೊಳವೆ ತಂದಿಟ್ಟು, ಇನ್ನು ಮಾತಾಡೋಕಾಗಲ್ಲ, ಏನಾದರೂ ಹೇಳುವುದಿದ್ದರೆ ಹೇಳಿಕೊಳ್ಳಿ ಎಂದಳು. ಮುನಿಕೆಂಪಮ್ಮ ತುಟಿ ಆಡಿಸಿದಳು. ಕಲಾವತಿ ಬಗ್ಗಿ ಕಿವಿಗೊಟ್ಟು ಕೇಳಿ, ಫೋನು ತೆಗೆದು ಮನೆಗೆ ವಿಡಿಯೋ ಕರೆ ಮಾಡಿದಳು. ಸೌಜನ್ಯ ಮಗುವನ್ನು ಫೋನಿನ ಮುಂದೆ ಹಿಡಿದಳು. ಆದರೆ ಮುದುಕಿಯ ರೆಪ್ಪೆಗಳು ಮುಚ್ಚಿಯೇ ಹೋಗಿದ್ದವು, ಎಷ್ಟು ಪ್ರಯತ್ನಪಟ್ಟರೂ ಏಳಲಿಲ್ಲ. ಕಲಾವತಿಯ ಒಂದು ಕೈಯಲ್ಲಿ ಫೋನು, ಇನ್ನೊಂದು ತಾಯಿಯ ಹಿಡಿತದಲ್ಲಿ. ಅವಳು ಮೊದಲ ಸಲ ಕೌಸಲ್ಯಾಳನ್ನು ನೋಡಿದಳು.

"ರೆಪ್ಪೆ ಎತ್ತಿ ಹಿಡ್ಕೊಳ್ಳಿ," ಎಂದಳು.

ಕೌಸಲ್ಯಾ ಎರಡೂ ಕೈಯ ಹೆಬ್ಬೆರಳುಗಳಿಂದ ಎರಡು ರೆಪ್ಪೆಗಳನ್ನೂ ಮೆಲ್ಲಗೆ ಮೇಲೆತ್ತಿದಳು. ಮುನಿಕೆಂಪಮ್ಮ ಫೋನಿನ ಕಡೆ ನೋಡಿದಳು.

"ಎಲ್ಡು ಮಗ ಅವೆ," ಎಂದಳು.

ಒಂದು ಕಣ್ಣಿನಿಂದ ಬೆರಳು ತೆಗೆಯಿರಿ ಎಂದಳು ನರ್ಸು. ಕೌಸಲ್ಯಾ ಎಡಗಣ್ಣಿನ ಮೇಲಿನ ಬೆರಳನ್ನು ತೆಗೆದಳು, ಆ ರೆಪ್ಪೆ ತಾನಾಗಿಯೇ ಇಳಿಯಿತು.

"ಈಗ್ ಒಂದಾಯ್ತು."

ಫೋನಿನಲ್ಲಿ ಮಗು ಬಾಯಿ ಅಗಲಿಸಿ ಆಕಳಿಸಿತು. ಮುದುಕಿ ನೋಡುತ್ತಲೇ ಇದ್ದಳು. ಕೌಸಲ್ಯಾಳ ಕೈ ಸೋಲತೊಡಗಿತು. ಅವಳು ಇನ್ನೊಂದು ಕೈಯಿಂದ ಆ ಮಣಿಕಟ್ಟನ್ನು ಹಿಡಿದುಕೊಂಡಳು.