ಹದಿನಾಲ್ಕು ಅಡಿ ಹಲಗೆ, ಒಂದು ತಿರುವು

ಈ ಕತೆಯನ್ನು ಯಾರೇ ಹೇಳಲಿ, ಮೊದಲು ಓಣಿಯ ಅಳತೆ ಹೇಳಿಯೇ ಮುಂದುವರಿಯುತ್ತಾರೆ: ಅಗಲ ಒಂಬತ್ತು ಅಡಿ, ಎರಡೂ ಕಡೆ ಗೋದಾಮುಗಳ ಎತ್ತರದ ಗೋಡೆ, ನಡುವೆ ಒಂದೇ ತಿರುವು. ತಿರುವು ದಾಟಿದರೆ ಓಣಿಯ ಕೊನೆ. ಅಲ್ಲೊಬ್ಬ ಬಡಗಿಯ ಕೆಲಸದ ಕೊಟ್ಟಿಗೆ, ಅದಕ್ಕಂಟಿ ಅವನ ಮನೆ. ಮಾತನ್ನೂ ಗೇಣು ಹಾಕಿ ಆಡುವವನೆಂದು ಜನ ಅವನನ್ನು ಗೇಣಪ್ಪ ಎನ್ನುತ್ತಿದ್ದರು.

ಓಣಿ ಯಾರಿಗೂ ಬೇಡವಾಗಿತ್ತು. ಊರಿನ ಮುರಿದ ಕುರ್ಚಿ, ಒಡೆದ ತೊಟ್ಟಿ, ಕೆಟ್ಟ ಗಾಡಿ ಎಲ್ಲವೂ ಅಲ್ಲಿಗೇ ಬಂದು ಬೀಳುತ್ತಿದ್ದವು. ಮುಂದಿನ ಬೀದಿಯ ಟೀಚರಮ್ಮ ಟೊಂಕ ಕಟ್ಟಿ ನಿಂತದ್ದೇ ತಡ, ಕಸ ಹೋಯಿತು, ಗೋಡೆಗೆ ಬಣ್ಣ ಬಂತು. ತಿರುವಿನಲ್ಲಿ ನಾಲ್ಕು ಜನ ಕೂತು ಮಾತಾಡಲು ಜಾಗ ಬೇಕೆಂದಾಗ, ಅಳತೆಗೆ ಗೇಣಪ್ಪನಲ್ಲದೆ ಇನ್ನಾರು?

ಅವನಿಗೂ ಅದರಲ್ಲೊಂದು ಆಸೆಯಿತ್ತು. ಕಾಲು ಬಿದ್ದುಹೋದ ಹೆಂಡತಿ ಏಳು ವರ್ಷದಿಂದ ಮನೆಯೊಳಗೆ ಮಾಡಿನ ತೊಲೆಗಳನ್ನೇ ಎಣಿಸುತ್ತಿದ್ದಳು. ಅವನು ಕೊಟ್ಟಿಗೆಯ ಬಾಗಿಲು ಅಳೆದ, ಕೈಗಾಡಿ ಅಳೆದ, ಅಷ್ಟಗಲ ದಾರಿ ಬಿಟ್ಟು ಉಳಿದಲ್ಲಿ ಕಲ್ಲುಬೆಂಚು ಕೂರಿಸಿದ. ಬಿಸಿಲು ತಾಗದಿರಲೆಂದು ಗೋಡೆಯಿಂದ ಗೋಡೆಗೆ ತಗ್ಗಾಗಿ ಕಬ್ಬಿಣದ ಚಪ್ಪರ ಹಾಕಿಸಿದ. ಬೆಂಚಿಗೆ ಸಿಮೆಂಟು ಹಾಕಿದ ದಿನ ಹೆಂಡತಿಯನ್ನು ಎತ್ತಿಕೊಂಡು ಬಂದು, ಹಸಿ ಸಿಮೆಂಟಿನಲ್ಲಿ ಅವಳ ಅಂಗೈ ಒತ್ತಿಸಿದ. ಅಂದಿನಿಂದ ದಿನವೂ ಸಂಜೆ ಅವಳ ಆಸ್ಥಾನ ಅಲ್ಲೇ.

ಅಗಲವನ್ನೆಲ್ಲ ಅಳೆದವನು ಉದ್ದವನ್ನು ಮರೆತಿದ್ದ.

ಕೊಟ್ಟಿಗೆಯೊಳಗೆ ಐದು ವರ್ಷದಿಂದ ಒಣಗುತ್ತಿದ್ದ ಹದಿನಾಲ್ಕು ಅಡಿಯ ಒಂದೇ ಹಲಗೆಯಿತ್ತು. ಅದು ಒಳಗೆ ಬಂದಾಗ ತಿರುವಿನಲ್ಲಿ ಬೆಂಚೂ ಇರಲಿಲ್ಲ, ಚಪ್ಪರವೂ ಇರಲಿಲ್ಲ. ಈಗ ಅದು ಬಟ್ಟೆ ಕತ್ತರಿಸುವ ಮೇಜಾಗಿ ಸಿದ್ಧವಾಗಿತ್ತು. ಹೊಲಿಗೆ ಕಾರ್ಖಾನೆಯ ಯಜಮಾನ ಹೇಳಿದ್ದ: "ಎಲ್ಲೂ ಜೋಡಣೆ ಇರಕೂಡದು, ಬಟ್ಟೆ ಸಿಕ್ಕಿಕೊಳ್ಳುತ್ತೆ. ಇದು ಸರಿ ಬಂದರೆ ಇನ್ನು ಮೇಜೆಲ್ಲ ನಿಮ್ಮದೇ." ವಯಸ್ಸಾಗುತ್ತಿದ್ದ ಬಡಗಿಗೆ ಬದುಕಿನುದ್ದಕ್ಕೂ ಸಾಲುವಷ್ಟು ಕೆಲಸ.

ಹಮಾಲರು ಕಾಲು ಬಿಚ್ಚಿದ ಮೇಜನ್ನು ಹೊತ್ತು ಹೊರಟರು. ತಿರುವಿನಲ್ಲಿ ಹಲಗೆಯ ಮುಂತುದಿ ಗೋಡೆಗೆ ಗುದ್ದಿತು, ಹಿಂದಿನದು ಬೆಂಚಿಗೆ ಸಿಕ್ಕಿಕೊಂಡಿತು. ನೆಟ್ಟಗೆ ನಿಲ್ಲಿಸಲು ಚಪ್ಪರ ಬಿಡಲಿಲ್ಲ.

"ಗೇಣಪ್ಪಣ್ಣ, ಹಲಗೆ ಏನಾದ್ರೂ ಬಗ್ಗುತ್ತಾ?" ಎಂದ ಹಿರಿಯ ಹಮಾಲ.

"ನಿನ್ನ ಸೊಂಟ ಬಗ್ಗುತ್ತಾ ನೋಡು ಮೊದಲು."

"ಹಂಗಾದ್ರೆ ಮನೆಮಗಳ ಥರ ಇಲ್ಲೇ ಇಟ್ಕೊಳಿ. ನಾವು ಹೊರಟ್ವಿ."

ಬೆಂಚು ಒಡೆಸಬೇಕು, ಚಪ್ಪರ ಇಳಿಸಬೇಕು, ಬೇರೆ ದಾರಿಯಿರಲಿಲ್ಲ. ಮೂರು ಸಲ ಅವನು ಕೇಳಲು ಹೋದ. ಮೊದಲ ಸಲ ಬಾಯಿ ತೆರೆಯುವ ಮೊದಲೇ ಟೀಚರಮ್ಮ, "ನಿಮ್ಮ ಮನೆಯವರು ನಿನ್ನೆ ಹಾಡಿದ್ರು ಕಣ್ರೀ! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?" ಎಂದಳು. ಎರಡನೆಯ ಸಲ ಬೆಂಚಿನ ಮೇಲೆ ಕೂತಿದ್ದ ಮುದುಕರು ಸರಿದು, ಬೆನ್ನು ತಟ್ಟಿ, ನಡುವೆ ಕೂರಿಸಿಕೊಂಡರು. ಮೂರನೆಯ ಸಲ ಅವನು ಸುತ್ತಿಗೆ ಹಿಡಿದೇ ಹೋಗಿದ್ದ. "ಬೆಂಚಿನ ಕಾಲು ಅಲ್ಲಾಡ್ತಿದೆ ಅಂತ ನೋಡೋಕೆ ಬಂದ್ರಾ? ಎಷ್ಟು ಕಾಳಜಿ!" ಎಂದರು ಅದೇ ಮುದುಕರು. ಅಲ್ಲಾಡದ ಆ ಕಾಲಿಗೆ ಎರಡು ಪೆಟ್ಟು ಕೊಟ್ಟು ವಾಪಸು ಬಂದ.

ಹೆಂಡತಿಗೆ ಅರ್ಥವಾಗದೆ ಇರುತ್ತದೆಯೇ?

"ಒಡೆಸಿಬಿಡಿ. ನಾನು ಒಳಗೇ ಇರ್ತೀನಿ. ಅಭ್ಯಾಸ ಇದೆ."

"ತೊಲೆ ಎಷ್ಟಿವೆ ಅಂತ ನನಗೂ ಗೊತ್ತು ಕಣೇ, ಹನ್ನೊಂದು. ಮತ್ತೆ ಎಣಿಸೋದೇನೂ ಬೇಡ."

ಮರುದಿನ ಬೆಳಿಗ್ಗೆ ಅವನು ಹಲಗೆಯ ನಡುವೆ ಪೆನ್ಸಿಲ್ ಗೆರೆ ಎಳೆದ. ಮೂರು ಸಲ ಅಳೆದ. ಮೂರು ಸಲವೂ ಏಳೇ ಅಡಿ. ಆಮೇಲೆ ಗರಗಸ ಇಟ್ಟ. ಜೋಡಣೆಯ ಮೇಜನ್ನು ಯಜಮಾನ ಒಲ್ಲೆನೆಂದ. ಎರಡು ತುಂಡೂ ಓಣಿಯ ಮೇಜುಗಳಾದವು. ಇಷ್ಟು ನುಣುಪು ಹಲಗೆ ಪುಕ್ಕಟೆ ಕೊಟ್ಟ ದೊಡ್ಡ ಮನಸ್ಸಿನವನೆಂದು ಜನ ಹೊಗಳಿದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ಆಮೇಲೆ ಅವನು ಮಾಡಿದ್ದೆಲ್ಲ ಮಣೆ, ಸ್ಟೂಲು, ಚಿಕ್ಕ ಪೆಟ್ಟಿಗೆ. ಕೊಟ್ಟಿಗೆಯ ಗೋಡೆಯ ಮೇಲೆ ಏಳು ಅಡಿ ಎತ್ತರದಲ್ಲೊಂದು ಗೆರೆ. ಬಂದ ಪ್ರತಿ ಮರವನ್ನೂ ಅದಕ್ಕೆ ಆನಿಸಿ, ಮೀರಿದ್ದನ್ನು ಹಿಂದಕ್ಕೆ ಕಳಿಸುತ್ತಿದ್ದ.

ಸಂಜೆ ತಿರುವಿನಿಂದ ಹೆಂಡತಿಯ ದನಿ ಬರುತ್ತಿತ್ತು: "ಏನ್ರೀ, ಎಲ್ಲರೂ ಬಂದಾಯ್ತು. ಒಳಗೇನು ಮಾಡ್ತಿದ್ದೀರಿ?"

"ಬಂದೆ, ಅಳೀತಿದ್ದೀನಿ," ಎನ್ನುತ್ತಿದ್ದ ಗೇಣಪ್ಪ, ಖಾಲಿ ನೆಲದ ಮೇಲೆ ಹದಿನಾಲ್ಕು ಅಡಿಗೆ ಗೇಣು ಹಾಕುತ್ತಾ.