ಕೆಡದ ಗಾಡಿ

ಗಾಡಿ ಚೆನ್ನಾಗಿ ಓಡುವುದೇ ಒಂದು ತೊಂದರೆಯಾದೀತೆಂದು ಅತ್ತೆ ಸೊಸೆ ನಡೆಸುತ್ತಿದ್ದ ಆ ರಿಪೇರಿ ಶೆಡ್ಡಿನಲ್ಲಿ ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ. ಸೊಸೆ ಎಂಟು ತಿಂಗಳು ಒದ್ದಾಡಿ, ಗುಜರಿಗೆ ಹೋಗಬೇಕಿದ್ದ ಡೀಸೆಲ್ ಸರಕು ಗಾಡಿಯೊಂದರ ಎಂಜಿನ್ ಕಿತ್ತೆಸೆದು, ಅದರ ಹೊಟ್ಟೆಗೆ ಮೋಟರು ಕೂರಿಸಿದ್ದಳು. ಬ್ಯಾಟರಿಯನ್ನು ಮೇಜಿನ ಖಾನೆಯ ಹಾಗೆ ಎಳೆದು, ಚಾರ್ಜ್ ಆದ ಇನ್ನೊಂದನ್ನು ಒಳಗೆ ತಳ್ಳಿದರೆ ಮುಗಿಯಿತು, ಗಾಡಿ ಮತ್ತೆ ಸಿದ್ಧ. ದಿನಕ್ಕೆ ನಾಲ್ಕು ಸಲ ತರಕಾರಿ ಹೊತ್ತು ಮಾರುಕಟ್ಟೆಗೆ ಹೋಗಿಬರುತ್ತಿತ್ತು, ಒಂದು ದಿನವೂ ಕೈಕೊಟ್ಟಿರಲಿಲ್ಲ.

ಹೊಗೆಯಿಲ್ಲದ ಗಾಡಿಗಳ ಹೊಸ ಪ್ರಯೋಗಕ್ಕೆಂದು ಸರಕಾರ ತೆಗೆದಿಟ್ಟ ಹಸಿರು ನಿಧಿಗೆ ಅವಳು ಅರ್ಜಿ ಹಾಕಿದಳು. ಹಾಕದೆ ವಿಧಿಯಿರಲಿಲ್ಲ. ಊರಿನಲ್ಲಿ ಡೀಸೆಲ್ ಗಾಡಿಗಳು ಕಡಿಮೆಯಾಗುತ್ತ ಬಂದು ರಿಪೇರಿ ಕೆಲಸ ಬತ್ತಿಹೋಗಿತ್ತು. ನಿಧಿಯ ದುಡ್ಡು ಬಂದರೆ ಇಂಥ ಗಾಡಿಗಳನ್ನು ಸಾಲುಸಾಲಾಗಿ ಮಾಡಬಹುದು. ಬರದಿದ್ದರೆ ವರ್ಷದ ಕೊನೆಗೆ ಶೆಡ್ಡಿಗೆ ಬೀಗ, ಆರು ಜನ ಕೆಲಸಗಾರರು ಮನೆಗೆ.

ಅರ್ಜಿ ಕೊಡಲು ಹೋಗಿದ್ದ ಮೈದುನ ನಿಧಿಯ ಕಚೇರಿಯಿಂದ ಸಪ್ಪೆ ಮೋರೆ ಹಾಕಿಕೊಂಡು ಬಂದ.

"ಅತ್ತಿಗೆ, ಗಾಡಿ ಓಡುತ್ತಾ ಅಂತ ಕೇಳಿದ್ರು. ದಿನಾ ಓಡುತ್ತೆ ಸಾರ್ ಅಂದೆ. ಹಾಗಾದ್ರೆ ಬ್ಯಾಂಕಿಗೆ ಹೋಗಿ ಅಂದ್ರು."

"ಯಾಕಂತೆ?"

"ಪ್ರಯೋಗಕ್ಕೆ ಇಟ್ಟಿರೋ ದುಡ್ಡಂತೆ. ಸೋಲೋ ಅಪಾಯ ಇದ್ರೆ ಮಾತ್ರ ಕೊಡೋದಂತೆ."

ಬ್ಯಾಂಕಿನವರ ಕಥೆ ಕೇಳುವುದೇ ಬೇಡ. ಹೊಸ ಪ್ರಯೋಗ ಎಂದ ಕೂಡಲೇ ಅಪಾಯ ಅಪಾಯ ಎಂದು ಫೈಲನ್ನು ಮೊದಲೇ ಹಿಂದಕ್ಕೆ ತಳ್ಳಿದ್ದರು. ಸೊಸೆ ಹಣೆ ಹಣೆ ಚಚ್ಚಿಕೊಂಡಳು.

"ಆದ್ರೂ ಅರ್ಜಿ ತಗೊಂಡಿದ್ದಾರೆ, ಮಂಗಳವಾರ ಅವರ ಅಧಿಕಾರಿ ನೋಡೋಕೆ ಬರ್ತಾರೆ," ಎಂದ ಮೈದುನ, ದನಿ ತಗ್ಗಿಸಿ. "ಅವರೆದುರು ಒಂದೇ ಒಂದು ಸಲ ಕೆಟ್ಟು ನಿಂತ್ರೆ ಸಾಕು ಅತ್ತಿಗೆ. ಏರಿನ ಮೇಲೆ ನಿಂತ್ರೆ ಇನ್ನೂ ಚೆನ್ನ."

ಸೊಸೆ ಅವನಿಗೆ ಬಾಯಿಗೆ ಬಂದಂತೆ ಬೈದಳು. ಬೈದು ಮುಗಿಸಿ, ಯಾವ ನಟ್ಟು ಸಡಿಲಿಸಿದರೆ ಯಾರಿಗೂ ಏಟಾಗದೆ ಗಾಡಿ ನಿಲ್ಲುತ್ತದೆಂದು ಲೆಕ್ಕ ಹಾಕತೊಡಗಿದಳು.

ಅತ್ತೆಗೆ ಮಾತ್ರ ಹೇಳುವ ಹಾಗಿರಲಿಲ್ಲ. ಶೆಡ್ಡು ಕಟ್ಟಿದವರೇ ಅತ್ತೆ. ಸೊಸೆ ಮದುವೆಯಾಗಿ ಬಂದ ವಾರದಲ್ಲೇ ಅವಳ ಕೈಗೆ ಸೌಟಿಗಿಂತ ಮೊದಲು ಸ್ಪ್ಯಾನರ್ ಕೊಟ್ಟ ಹೆಂಗಸು. ಅವರದೊಂದು ಕಟ್ಟಳೆಯಿತ್ತು: ಸಡಿಲ ನಟ್ಟು ಕಂಡರೆ ಕಂಡವರು ಬಿಗಿ ಮಾಡಿ ಮುಂದೆ ಹೋಗಬೇಕು. ಯಾರ ಗಾಡಿ ಎಂದು ಕೇಳಬಾರದು, ಮಾಡಿದೆ ಎಂದು ಹೇಳಿಕೊಳ್ಳಲೂಬಾರದು. ಅತ್ತೆ ದಿನಕ್ಕೆ ಹತ್ತು ಸುತ್ತು ಹಾಕಿ, ಹಸುವಿನ ಮೈ ಸವರುವ ಹಾಗೆ ಗಾಡಿಗಳ ಮೈ ಸವರುತ್ತಿದ್ದರು. ಬೆರಳಿಗೆ ಸಿಕ್ಕ ಸಡಿಲ ಅಲ್ಲೇ ಮಾಯ.

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಸೊಸೆ ಮೋಟರಿನ ತಂತಿಯ ನಟ್ಟು ಸಡಿಲಿಸಿದಳು. ಒಂಬತ್ತೂವರೆಗೆ ನೋಡಿದರೆ ನಟ್ಟು ಗಟ್ಟಿ. ತಾನೇ ಮರೆತೆನೇನೋ ಅಂದುಕೊಂಡು ಮತ್ತೆ ಸಡಿಲಿಸಿದಳು. ಹತ್ತು ಗಂಟೆಗೆ ಮತ್ತೆ ಗಟ್ಟಿ. ಆಗ ಅವಳಿಗೆ ಹೊಳೆಯಿತು, ಇದು ಅತ್ತೆಯ ಕೈ. ಮೂರನೆಯ ಸಲ ಸಡಿಲಿಸಿ ಗಾಡಿಯ ಪಕ್ಕದಲ್ಲೇ ಕಾವಲು ಕೂತಳು. ಅಷ್ಟರಲ್ಲಿ ಅಧಿಕಾರಿಯ ಕಾರು ಬಂತು. ನಮಸ್ಕಾರ ಹೇಳಲು ಬಾಗಿಲಿಗೆ ಹೋಗಿಬಂದದ್ದೇ ತಪ್ಪಾಯಿತು.

ಗಾಡಿ ಹತ್ತು ಮೂಟೆ ಹೊತ್ತು, ಅಧಿಕಾರಿಯನ್ನೂ ಹೊತ್ತು, ಏರನ್ನು ಹೂವಿನಂತೆ ಹತ್ತಿತು. ಸೊಸೆ ಮನಸ್ಸಿನಲ್ಲೇ ನಿಲ್ಲು ಮಾರಾಯ ನಿಲ್ಲು ಎಂದು ಬೇಡಿಕೊಂಡಳು. ಸೊಕ್ಕಿನ ಗಾಡಿ, ಕೇಳಲೇ ಇಲ್ಲ. ಶೆಡ್ಡಿಗೆ ಮರಳಿದ ಅಧಿಕಾರಿ ಮನಸಾರೆ ಹೊಗಳಿದರು, ಹೊಗಳುತ್ತಲೇ ಫೈಲು ಮುಚ್ಚಿದರು.

"ಇಷ್ಟು ಗಟ್ಟಿಯಾಗಿದ್ರೆ ನಮ್ಮ ನಿಧಿಯಿಂದ ಕೊಡೋ ಹಾಗಿಲ್ಲಮ್ಮ."

ಆಗ ಗಾಡಿಯ ಹಿಂದಿನಿಂದ ಅತ್ತೆ ಎದ್ದು ಬಂದರು. ಯಾವತ್ತೂ ಹೇಳಿಕೊಳ್ಳದವರು ಅವತ್ತು ಬಾಯಿ ಬಿಟ್ಟರು.

"ಈ ಒಂದು ನಟ್ಟನ್ನ ಬೆಳಗ್ಗೆಯಿಂದ ಮೂರು ಸಲ ಬಿಗಿ ಮಾಡಿದೀನಿ."

ಅಧಿಕಾರಿಯ ಕಿವಿ ನೆಟ್ಟಗಾಯಿತು. "ತಾನಾಗೇ ಸಡಿಲ ಆಗುತ್ತಾ?"

"ಆಗುತ್ತೆ ಸಾರ್!" ಎಂದು ಮೈದುನ ಮುಂದೆ ನುಗ್ಗಿದ. "ಭಾರೀ ಅಪಾಯ."

ಮುಚ್ಚಿದ ಫೈಲು ಮತ್ತೆ ತೆರೆದುಕೊಂಡಿತು. ಸೊಸೆ ಹೂಂ ಅಂದಿದ್ದರೆ ಸಾಕಿತ್ತು, ದುಡ್ಡು ಕೈಗೆ ಬಂದ ಹಾಗೆಯೇ. ಆದರೆ ಅತ್ತೆ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

"ನಟ್ಟಿಂದೇನೂ ತಪ್ಪಿಲ್ಲ," ಎಂದರು. "ನನ್ನ ಕೈಯಲ್ಲೇ ಬಿಗಿ ಹೋಗಿದೆ ಅಂತ ಕಾಣುತ್ತೆ. ಇನ್ಮೇಲೆ ನಾನು ಸ್ಪ್ಯಾನರ್ ಹಿಡೀಬಾರದು."

ಸೊಸೆ ಮುಂದೆ ಬಂದು ಆ ಕೈ ಹಿಡಿದುಕೊಂಡಳು. ದುಡ್ಡು ಹಾಳಾಗಿ ಹೋಗಲಿ ಅನ್ನಿಸಿತು.

"ನಿಮ್ಮ ಕೈಗೆ ಏನೂ ಆಗಿಲ್ಲ ಅತ್ತೆ. ನಾನೇ ಬಿಚ್ಚಿದ್ದು. ಮೂರು ಸಲಾನೂ ನಾನೇ."

ಮೈದುನ ಚಾವಣಿಯ ತಗಡು ಎಣಿಸತೊಡಗಿದ.

"ನನ್ನ ಶೆಡ್ಡಲ್ಲಿ?" ಎಂದರು ಅತ್ತೆ. ಅಷ್ಟೇ ಅಂದದ್ದು. ಬೈದಿದ್ದರೆ ವಾಸಿಯಿತ್ತು.

ಸೊಸೆ ಕಣ್ಣೊರೆಸಿಕೊಂಡು ಅಧಿಕಾರಿಯತ್ತ ತಿರುಗಿದಳು. ನಾಚಿಕೆ ಹೋಗಿ ಈಗ ಸಿಟ್ಟು ಬಂದಿತ್ತು.

"ಗಾಡೀಲಿ ಅಪಾಯ ಇಲ್ಲ ಸಾರ್. ಅಪಾಯ ಎಲ್ಲಿದೆ ಅಂತ ನಾನು ಹೇಳ್ತೀನಿ, ಬರ್ಕೊಳ್ಳಿ. ಇಂಥ ನೂರು ಗಾಡಿ ಮಾಡಬೇಕಾದ್ರೆ ಇವರ ಬೆರಳಿಗೆ ಗೊತ್ತಿರೋದು ನೂರು ಜನಕ್ಕೆ ಗೊತ್ತಿರಬೇಕು. ನನಗೇ ಅರ್ಧ ಬಂದಿದೆ. ಮಿಕ್ಕವರಿಗೆ ಕಾಲು ಭಾಗಾನೂ ಇಲ್ಲ. ನಾಳೆ ಇವರಿಗೇನಾದ್ರೂ ಆದ್ರೆ ಈ ಕೆಲಸ ಅಲ್ಲಿಗೇ ನಿಂತುಹೋಗುತ್ತೆ. ಕಲಿಸೋಕೆ ದುಡ್ಡು ಬೇಕು, ಅದಕ್ಕೆ ಕೇಳಿದ್ದು."

ಅಧಿಕಾರಿ ಬಹಳ ಹೊತ್ತು ಪೆನ್ನಿನ ತುದಿ ಕಚ್ಚಿದರು. ಆಮೇಲೆ ಅತ್ತೆಯನ್ನು ನೋಡಿ, "ವಯಸ್ಸೆಷ್ಟಮ್ಮ ನಿಮಗೆ?" ಎಂದರು.

"ಎಪ್ಪತ್ತೆರಡು."

"ಬಿ.ಪಿ., ಶುಗರ್?"

"ಎರಡೂ ಇದೆ."

"ಮಂಡಿನೋವೂ ಇದೆ ಸಾರ್," ಎಂದ ಮೈದುನ, ಹಿಗ್ಗಿನಿಂದ.

ಅಪಾಯದ ಕಾಲಮ್ಮಿನಲ್ಲಿ ಅಧಿಕಾರಿ 'ತೀವ್ರ' ಎಂದು ಬರೆದು, ಕೆಳಗೆ ಶಿಫಾರಸು ಮಾಡಿ ರುಜು ಹಾಕಿದರು. ಅತ್ತೆ ಕನ್ನಡಕ ಏರಿಸಿ, ಬಗ್ಗಿ, ಅದನ್ನು ಅಕ್ಷರ ಅಕ್ಷರ ಓದಿದರು.

"ಅಂದ್ರೆ ನಾನು ಸಾಯ್ತೀನಿ ಅಂತ ದುಡ್ಡು ಕೊಡ್ತಿದೀರಾ?"

"ಅಷ್ಟರೊಳಗೆ ಕಲಿಸಲಿ ಅಂತ," ಎಂದರು ಅಧಿಕಾರಿ, ಮುಖ ಕೆಂಪಾಗಿ.

"ಹಾಗಾದ್ರೆ ಬೇಗ ಕಳಿಸಿ ಸ್ವಾಮಿ," ಎಂದರು ಅತ್ತೆ. "ನಿಮ್ಮ ಕಚೇರಿ ತಡ ಮಾಡಿದ್ರೆ ನಾನು ಜವಾಬ್ದಾರಿ ಅಲ್ಲ."